ಅಂಟಿದ ಸ್ಟಿಕ್ಕರ್, ಅಂಟದ ಷರತ್ತು

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ನಾನು ಮೊದಲ ಕಂಪ್ಯೂಟರ್ ಕೊಂಡ ಅಂಗಡಿ ಒಂದು ಮಂಚದಷ್ಟು ಅಗಲವಿತ್ತು. ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ, ಅಲ್ಲೇ ಜೋಡಿಸಿ ಕೊಡುತ್ತಿದ್ದ ‘ಅಸೆಂಬಲ್ಡ್’ ಕಂಪ್ಯೂಟರುಗಳ ಕಾಲ ಅದು. ಎರಡು ತಾಸು ಕಾಯಿಸಿದ ಮೇಲೆ ಹುಡುಗ ಕ್ಯಾಬಿನೆಟ್ಟಿನ ಮುಚ್ಚಳ ಹಾಕಿ ಸ್ಕ್ರೂ ಬಿಗಿದ. ಆಮೇಲೆ ಡ್ರಾ ಎಳೆದು ಸ್ಟಿಕ್ಕರುಗಳ ಹಾಳೆಯೊಂದನ್ನು ಹೊರತೆಗೆದ.

“ಸಾರ್, ಪೆಂಟಿಯಮ್ ಅಂಟಿಸ್ಲಾ?”

“ಒಳಗೆ ಹಾಕಿರೋದು ಸೆಲೆರಾನ್ ಅಲ್ವೇನಪ್ಪಾ?”

“ಒಳಗೆ ಯಾರು ಬಗ್ಗಿ ನೋಡ್ತಾರೆ ಸಾರ್! ಇದಿದ್ರೆ ಲುಕ್ಕೇ ಬೇರೆ.”

ಬೇಡ ಅನ್ನುವಷ್ಟರಲ್ಲಿ ಹೆಬ್ಬೆರಳಿನಿಂದ ಒತ್ತಿ ಅಂಟಿಸಿಯೂ ಆಗಿತ್ತು. ಆ ಯಂತ್ರ ಎಂಟು ವರ್ಷ ಇಂಟೆಲ್‌ನ ಅಗ್ಗದ ಚಿಪ್ಪಾದ ಸೆಲೆರಾನಿನ ವೇಗದಲ್ಲಿ ಓಡಿ, ಅದರ ದುಬಾರಿ ಅಣ್ಣ ಪೆಂಟಿಯಮ್ಮಿನ ಹೆಸರಿನಲ್ಲಿ ತೀರಿಕೊಂಡಿತು.

ಅಂಚೆಚೀಟಿಯಷ್ಟಿದ್ದ ಆ ಹೊಳೆಯುವ ತುಣುಕು ನಿಜಕ್ಕೂ ಯಾರದು? ಕೊಂಡ ನನ್ನದೇ, ಅಂಟಿಸಿದ ಹುಡುಗನದೇ, ಅಮೆರಿಕದಲ್ಲಿ ಕೂತ ಕಂಪನಿಯದೇ? ಅದನ್ನು ಎಲ್ಲಿ ಅಂಟಿಸಬೇಕು, ಎಲ್ಲಿ ಅಂಟಿಸಬಾರದು ಎಂದು ಕಂಪನಿ ಹಾಕುವ ಷರತ್ತು ನನ್ನನ್ನು ಕಟ್ಟಿಹಾಕುತ್ತದೆಯೇ? ಉತ್ತರ ಹುಡುಕಹೊರಟರೆ ದಾರಿ ಒಂದು ಸೋತ ಮೊಕದ್ದಮೆಯ ಹತ್ತಿರ ಹೋಗಿ ನಿಲ್ಲುತ್ತದೆ.

ಅಂಕಿಗೆ ಒಡೆಯನಿಲ್ಲ

ಎಂಬತ್ತರ ದಶಕದಲ್ಲಿ ಇಂಟೆಲ್ ತನ್ನ ಚಿಪ್‌ಗಳಿಗೆ 286, 386, 486 ಎಂದು ಅಂಕಿಗಳನ್ನೇ ಹೆಸರಾಗಿ ಇಡುತ್ತಿತ್ತು. ಕಂಪ್ಯೂಟರ್ ಕೊಳ್ಳುವವರಿಗೆ ಐಬಿಎಂ, ಕಾಂಪ್ಯಾಕ್ ಗೊತ್ತಿತ್ತು. ಒಳಗಿನ ಚಿಪ್ ಮಾಡಿದವರು ಯಾರೆಂಬುದು ಯಾರಿಗೂ ಬೇಕಿರಲಿಲ್ಲ. 1989ರಲ್ಲಿ ಇಂಟೆಲ್‌ನ ಮಾರುಕಟ್ಟೆ ವಿಭಾಗದ ಡೆನಿಸ್ ಕಾರ್ಟರ್ ಒಂದು ಜಾಹೀರಾತು ಮಾಡಿಸಿದರು. ಅದರಲ್ಲಿ 286 ಎಂಬ ಅಂಕಿಯ ಮೇಲೆ ಕೆಂಪು ಬಣ್ಣದಲ್ಲಿ ಕಾಟು ಹೊಡೆಯಲಾಗಿತ್ತು. ತನ್ನದೇ ಹಳೆಯ ಸರಕನ್ನು ಹೊಡೆದು ಹಾಕಿ ‘386 ಕೊಳ್ಳಿ’ ಎಂದು ಕಂಪನಿ ನೇರವಾಗಿ ಗ್ರಾಹಕನಿಗೆ ಹೇಳಿದ್ದು ಅದೇ ಮೊದಲು. ಜನ 386 ಎಂಬ ಅಂಕಿಯನ್ನು ನೆನಪಿಟ್ಟುಕೊಂಡರು, ಇಂಟೆಲ್ ಎಂಬ ಹೆಸರನ್ನಲ್ಲ.

ಅಷ್ಟರಲ್ಲಿ ಎಎಂಡಿ ಕಂಪನಿ ತನ್ನದೇ 386 ಚಿಪ್ ತರಲು ಸಜ್ಜಾಯಿತು. ಅಂಕಿ ನನ್ನದು ಎಂದು ಇಂಟೆಲ್ ಕೋರ್ಟಿಗೆ ಹೋಯಿತು. 1991ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. 386 ಎಂಬುದು ಒಂದು ಬಗೆಯ ಚಿಪ್ಪಿಗೆ ಎಲ್ಲರೂ ಬಳಸುವ ಸಾಮಾನ್ಯ ಹೆಸರಾಗಿಬಿಟ್ಟಿದೆ, ಅದು ಒಬ್ಬರ ಸ್ವತ್ತಲ್ಲ ಎಂದಿತು. ಅದೇ ತಿಂಗಳು ಎಎಂಡಿಯ 386 ಮಾರುಕಟ್ಟೆಗೆ ಬಂತು.

ಸೋಲಿನಿಂದ ಇಂಟೆಲ್ ಎರಡು ಪಾಠ ಕಲಿಯಿತು. ಮುಂದಿನ ಚಿಪ್ಪಿಗೆ 586 ಎನ್ನದೆ, ಐದು ಎಂಬರ್ಥದ ಗ್ರೀಕ್ ಪದದಿಂದ ‘ಪೆಂಟಿಯಮ್’ ಎಂಬ ಹೆಸರು ಕಟ್ಟಿಸಿತು. 1993ರಲ್ಲಿ ಬಂದ ಆ ಹೆಸರನ್ನು ಯಾರೂ ಕದಿಯುವಂತಿರಲಿಲ್ಲ. ಅದಕ್ಕೂ ಮೊದಲು, 1991ರಲ್ಲೇ, ‘ಇಂಟೆಲ್ ಇನ್‌ಸೈಡ್’ ಎಂಬ ಸುರುಳಿ ಗುರುತು ಹೊರಬಂದಿತ್ತು. ಯಾರೂ ಕಾಣದ ಬಿಡಿಭಾಗವೊಂದು ಯಂತ್ರದ ಮುಖದ ಮೇಲೆ ತನ್ನ ಹೆಸರು ಬರೆಸಿಕೊಂಡದ್ದು ಹೀಗೆ.

ದುಡ್ಡಿನ ಅಂಟು

ಬೇರೆಯವರು ತಮ್ಮ ಪೆಟ್ಟಿಗೆಯ ಮೇಲೆ ಇಂಟೆಲ್‌ನ ಚೀಟಿ ಅಂಟಿಸಲು ಯಾಕೆ ಒಪ್ಪಬೇಕು? ಇಂಟೆಲ್ ಬಳಸಿದ್ದು ಸರಳ ಉಪಾಯ. ಕಂಪ್ಯೂಟರ್ ತಯಾರಕ ತನ್ನಿಂದ ಕೊಂಡ ಚಿಪ್‌ಗಳ ಬೆಲೆಯ ಒಂದು ಸಣ್ಣ ಪಾಲನ್ನು ಅವನ ಹೆಸರಿನಲ್ಲೇ ತೆಗೆದಿಡುವುದು, ಅವನು ತನ್ನ ಜಾಹೀರಾತಿನಲ್ಲಿ ಆ ಗುರುತು ಹಾಕಿದರೆ ಆ ಹಣದಿಂದ ಖರ್ಚಿನ ಅರ್ಧದವರೆಗೂ ತುಂಬಿಕೊಡುವುದು. 1991 ಮುಗಿಯುವಷ್ಟರಲ್ಲಿ ಸುಮಾರು 300 ತಯಾರಕರು ಸಹಿ ಹಾಕಿದ್ದರು.

ಸಹಿಯ ಜೊತೆಗೇ ಷರತ್ತು ಬಂತು. ಗುರುತಿನ ಅಳತೆ, ಬಣ್ಣ, ಸುತ್ತ ಬಿಡಬೇಕಾದ ಜಾಗ ಎಲ್ಲಕ್ಕೂ ನಿಯಮ. 2003ರಲ್ಲಿ ಲ್ಯಾಪ್‌ಟಾಪುಗಳಿಗೆ ಬಂದ ‘ಸೆಂಟ್ರಿನೋ’ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದಿತು. ಪೆಂಟಿಯಮ್ ಎಂ ಪ್ರೊಸೆಸರ್, ಇಂಟೆಲ್‌ನದೇ ಚಿಪ್‌ಸೆಟ್, ಇಂಟೆಲ್‌ನದೇ ವೈಫೈ ಕಾರ್ಡು ಮೂರೂ ಇದ್ದರೆ ಮಾತ್ರ ಆ ಸ್ಟಿಕ್ಕರ್. ಬೇರೆ ಕಂಪನಿಯ ಒಳ್ಳೆಯ ವೈಫೈ ಹಾಕಿದಿರೋ, ಸೆಂಟ್ರಿನೋ ಎಂಬ ಹೆಸರೂ ಇಲ್ಲ, ಜಾಹೀರಾತಿನ ಕಾಸೂ ಇಲ್ಲ. ಆನಂತರದ ‘ಅಲ್ಟ್ರಾಬುಕ್’ ಹೆಸರಿಗೆ ಲ್ಯಾಪ್‌ಟಾಪಿನ ದಪ್ಪವನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಗೊತ್ತುಮಾಡಿದ್ದರು.

ಕಾಂಪ್ಯಾಕ್‌ಗೆ ಇದು ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುವ ಸ್ಥಿತಿ. ಪೆಟ್ಟಿಗೆ ತನ್ನದು, ಮೆರೆಯುತ್ತಿರುವುದು ಇನ್ನೊಬ್ಬರ ಹೆಸರು ಎಂಬ ಮುನಿಸಿನಿಂದ 1994ರಲ್ಲಿ ಅದು ಯೋಜನೆ ಬಿಟ್ಟು ಹೊರಬಂತು, 1996ರಲ್ಲಿ ಮರಳಿತು. 2006ರಿಂದ ಇಂಟೆಲ್ ಚಿಪ್ ಬಳಸತೊಡಗಿದ ಆ್ಯಪಲ್ ಮಾತ್ರ ಒಂದೇ ಒಂದು ಸ್ಟಿಕ್ಕರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಸ್ಟಿಕ್ಕರ್ ಕಾನೂನಿನ ಕಟ್ಟಳೆಯಾಗಿದ್ದರೆ ಇದು ಸಾಧ್ಯವಿರಲಿಲ್ಲ. ಅದು ಇಬ್ಬರ ನಡುವಿನ ಒಪ್ಪಂದ. ಹಣ ಬೇಡವೆಂದವನಿಗೆ ಷರತ್ತೂ ಇಲ್ಲ.

ಇಷ್ಟೊಂದು ನಿಯಮ ಯಾಕೆ ಎಂಬುದಕ್ಕೆ ಕಾನೂನಿನಲ್ಲೇ ಕಾರಣವಿದೆ. ಟ್ರೇಡ್‌ಮಾರ್ಕ್ ಎಂದರೆ ಸರಕು ಎಲ್ಲಿಂದ ಬಂತು ಎಂದು ಹೇಳುವ ಗುರುತು. ಅದನ್ನು ಕಂಡಕಂಡವರಿಗೆ ಬಳಸಲು ಕೊಟ್ಟರೆ ಗುರುತಿಗೆ ಅರ್ಥವೇ ಉಳಿಯುವುದಿಲ್ಲ. 1914ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ಬೌಡನ್ ಎಂಬ ಬ್ರೇಕ್ ತಂತಿ ಕಂಪನಿ ತನ್ನ ಹೆಸರನ್ನು ಇನ್ನೊಂದು ಕಂಪನಿಗೆ ಬಳಸಲು ಬಿಟ್ಟದ್ದರಿಂದ ಆ ಗುರುತಿನ ಹಕ್ಕನ್ನೇ ಕಳೆದುಕೊಂಡಿತು ಎಂದು ತೀರ್ಪಿತ್ತಿತ್ತು. ಅಮೆರಿಕದ 1946ರ ಲ್ಯಾನ್‌ಹ್ಯಾಮ್ ಕಾಯ್ದೆ, ಸರಕಿನ ಗುಣಮಟ್ಟದ ಮೇಲೆ ಒಡೆಯನ ಹಿಡಿತ ಇರುವುದಾದರೆ ಪರವಾನಗಿ ಕೊಡಬಹುದು ಎಂದು ದಾರಿ ತೆರೆಯಿತು. ನಮ್ಮ ಕಾನೂನೂ ಅದೇ ದಾರಿಯಲ್ಲಿದೆ. ಹಿಡಿತ ಸಡಿಲಿಸಿದರೆ ಹೆಸರೇ ಕೈಬಿಡುತ್ತದೆ ಎಂಬ ಭಯದಿಂದಲೇ ಚೀಟಿಯ ಹಿಂದೆ ಕಿರುಅಕ್ಷರದ ಕರಾರು ಬೆಳೆಯಿತು.

ತಗಡಿನ ಮೇಲಿನ ಬರಹ

ಆದರೆ ಕರಾರಿಗೆ ಸಹಿ ಹಾಕಿದ್ದು ತಯಾರಕ, ನಾನಲ್ಲ, ನೀವಲ್ಲ. ಸರಕಿನ ಮೇಲೆ ಷರತ್ತು ಬರೆದು ಅಂಟಿಸಿದ ಮಾತ್ರಕ್ಕೆ ಅದು ಕೊಂಡವನಿಗೂ ಅಂಟುತ್ತದೆಯೇ? ಈ ಜಗಳ ಕಂಪ್ಯೂಟರಿಗಿಂತ ಹಳೆಯದು.

1904ರಲ್ಲಿ ಬಾಬ್ಸ್-ಮೆರಿಲ್ ಎಂಬ ಅಮೆರಿಕದ ಪ್ರಕಾಶಕರು ತಮ್ಮ ಒಂದು ಕಾದಂಬರಿಯೊಳಗೆ, ಒಂದು ಡಾಲರಿಗಿಂತ ಕಡಿಮೆಗೆ ಮಾರಿದರೆ ಕಾಪಿರೈಟ್ ಉಲ್ಲಂಘನೆ ಎಂದು ಅಚ್ಚು ಹಾಕಿಸಿದರು. ನ್ಯೂಯಾರ್ಕಿನ ಮೇಸೀಸ್ ಮಳಿಗೆ ಅದನ್ನು 89 ಸೆಂಟಿಗೆ ಮಾರಿತು. 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮಳಿಗೆಯ ಪರ ನಿಂತಿತು: ಪುಸ್ತಕ ಒಮ್ಮೆ ಮಾರಿದ ಮೇಲೆ ಮುಂದಿನ ಬೆಲೆ ಕಟ್ಟುವ ಹಕ್ಕು ಪ್ರಕಾಶಕನಿಗೆ ಉಳಿಯುವುದಿಲ್ಲ.

ಎ.ಬಿ. ಡಿಕ್ ಕಂಪನಿಯ ನಕಲು ತೆಗೆಯುವ ಮಿಮಿಯೋಗ್ರಾಫ್ ಯಂತ್ರದ ಮೇಲೆ, ಇದರಲ್ಲಿ ನಮ್ಮದೇ ಶಾಯಿ, ನಮ್ಮದೇ ಕಾಗದ ಬಳಸಬೇಕು ಎಂಬ ಬರಹವಿತ್ತು. ಅಂಥ ಯಂತ್ರ ಕೊಂಡಿದ್ದ ಮಹಿಳೆಯೊಬ್ಬರಿಗೆ ಹೊರಗಿನ ವ್ಯಾಪಾರಿಯೊಬ್ಬ ಒಂದು ಡಬ್ಬಿ ಶಾಯಿ ಮಾರಿದ. 1912ರಲ್ಲಿ ಸುಪ್ರೀಂ ಕೋರ್ಟು ನಾಲ್ಕು–ಮೂರರ ಬಹುಮತದಿಂದ ಕಂಪನಿಯ ಷರತ್ತನ್ನು ಎತ್ತಿಹಿಡಿಯಿತು. ಆ ಜಯಕ್ಕೆ ಐದೇ ವರ್ಷ ಆಯಸ್ಸು. 1917ರಲ್ಲಿ ಸಿನಿಮಾ ಪ್ರೊಜೆಕ್ಟರ್ ಒಂದಕ್ಕೆ ಬಡಿದಿದ್ದ ಇಂಥದೇ ತಗಡಿನ ಪ್ರಕರಣದಲ್ಲಿ ಅದೇ ಕೋರ್ಟು ತನ್ನ ಹಳೆಯ ಮಾತನ್ನು ತಾನೇ ಅಳಿಸಿತು.

ತಗಡು ಹೋಗಿ ಕಾಗದದ ಲೇಬಲ್ ಬಂತು, ಆಸೆ ಹೋಗಲಿಲ್ಲ. ಲೆಕ್ಸ್‌ಮಾರ್ಕ್ ಕಂಪನಿ ತನ್ನ ಪ್ರಿಂಟರಿನ ಕಾರ್ಟ್ರಿಜ್‌ಗಳನ್ನು ರಿಯಾಯಿತಿಗೆ ಮಾರಿ, ಒಂದೇ ಸಲ ಬಳಸಬೇಕು, ಖಾಲಿಯಾದ ಮೇಲೆ ನಮಗೇ ಕೊಡಬೇಕು ಎಂದು ಷರತ್ತು ಹಾಕುತ್ತಿತ್ತು. ಖಾಲಿ ಕಾರ್ಟ್ರಿಜ್ ಕೊಂಡು, ಟೋನರ್ ತುಂಬಿ ಮಾರುತ್ತಿದ್ದವರ ಮೇಲೆ ಪೇಟೆಂಟ್ ದಾವೆ ಹೂಡಿತು. 2017ರ ಮೇ 30ರಂದು ಅದೇ ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ಸರಕು ಮಾರಿದೊಡನೆ ಪೇಟೆಂಟಿನ ಹಿಡಿತ ತೀರಿತು. ನೇರವಾಗಿ ಕೊಂಡವನ ಜೊತೆ ಒಪ್ಪಂದವಿದ್ದರೆ ಅವನನ್ನು ಒಪ್ಪಂದದ ಮೇಲೆ ಕೇಳಬಹುದು. ಪೇಟೆಂಟ್ ಹಿಡಿದು ಊರವರನ್ನೆಲ್ಲ ಬೆನ್ನಟ್ಟುವಂತಿಲ್ಲ.

ಕಾಪಿರೈಟ್, ಪೇಟೆಂಟ್, ಟ್ರೇಡ್‌ಮಾರ್ಕ್ ಮೂರೂ ಬೇರೆ ಬೇರೆ ಹಕ್ಕುಗಳು. ಆದರೂ ಮಾರಿದ ಮೇಲೆ ಮಾರಿದವನ ಹಿಡಿತ ಸಡಿಲವಾಗುತ್ತದೆ ಎಂಬ ತತ್ತ್ವ ಮೂರರಲ್ಲೂ ಹರಿದುಬಂದಿದೆ.

ಚೀಟಿಯೇ ಸುಳ್ಳಾಡಿದಾಗ

ಷರತ್ತು ಹಾಕುವವರೇ ಅದನ್ನು ಸಡಿಲಿಸಿದರೆ? 2007ರ ಆರಂಭದಲ್ಲಿ ಬರಲಿದ್ದ ವಿಂಡೋಸ್ ವಿಸ್ತಾಕ್ಕಾಗಿ ಜನ ಕಂಪ್ಯೂಟರ್ ಕೊಳ್ಳುವುದನ್ನು ಮುಂದೂಡಬಾರದೆಂದು, 2006ರಲ್ಲಿ ಮೈಕ್ರೋಸಾಫ್ಟ್ ‘ವಿಸ್ತಾ ಕೇಪಬಲ್’ ಎಂಬ ಸ್ಟಿಕ್ಕರ್ ತಂದಿತು. ವಿಸ್ತಾದ ಗಾಜಿನಂಥ ಹೊಸ ಚಂದಕ್ಕೆ ಬೇಕಾದಷ್ಟು ಶಕ್ತಿ ಇಂಟೆಲ್‌ನ 915 ಚಿಪ್‌ಸೆಟ್ಟಿಗೆ ಇರಲಿಲ್ಲ. ಆದರೂ ಅರ್ಹತೆಯ ಮಟ್ಟ ಇಳಿಸಿ ಆ ಯಂತ್ರಗಳಿಗೂ ಸ್ಟಿಕ್ಕರ್ ಕೊಡಲಾಯಿತು. ಗ್ರಾಹಕರು ಸಿಯಾಟಲ್‌ನಲ್ಲಿ ದಾವೆ ಹೂಡಿದಾಗ ಕಂಪನಿಯ ಒಳಗಿನ ಇಮೇಲ್‌ಗಳು ಹೊರಬಿದ್ದವು. ಇಂಟೆಲ್‌ನ ತ್ರೈಮಾಸಿಕ ಗಳಿಕೆಗೆ ನೆರವಾಗಲೆಂದು ಮಟ್ಟ ಇಳಿಸಿದ್ದೇವೆ ಎಂದು ಒಬ್ಬ ಅಧಿಕಾರಿ ಬರೆದಿದ್ದರೆ, 2,100 ಡಾಲರ್ ಕೊಟ್ಟು ತಂದ ಲ್ಯಾಪ್‌ಟಾಪ್ ಬರೀ ಇಮೇಲ್ ನೋಡುವ ಡಬ್ಬಿಯಾಯಿತು ಎಂದು ಇನ್ನೊಬ್ಬ ಹಿರಿಯ ಅಧಿಕಾರಿ ಗೋಳಾಡಿದ್ದರು. 2008ರಲ್ಲಿ ಸಾಮೂಹಿಕ ದಾವೆಯ ಮಾನ್ಯತೆ ಸಿಕ್ಕಿತು. ಮರುವರ್ಷ ನ್ಯಾಯಾಧೀಶರೇ ಅದನ್ನು ಹಿಂಪಡೆದರು. ಗ್ರಾಹಕರಿಗೆ ಪರಿಹಾರದ ಹಾದಿ ಅಲ್ಲಿಗೆ ಕಿರಿದಾಯಿತು, ಆದರೆ ಚೀಟಿಯ ಮಾನ ಹೋಗಿಯಾಗಿತ್ತು.

ನಮ್ಮಲ್ಲಿ ಗೆರೆ ಎಲ್ಲಿದೆ?

ಭಾರತದ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 29ನೇ ಸೆಕ್ಷನ್, ವ್ಯಾಪಾರದ ಸಲುವಾಗಿ ಬೇರೆಯವರ ಗುರುತು ಬಳಸುವುದನ್ನು ತಡೆಯುತ್ತದೆ. ಇಲ್ಲಿ ತೂಕದ ಮಾತು ‘ವ್ಯಾಪಾರ’. ಐಫೋನ್ ಪೆಟ್ಟಿಗೆಯಲ್ಲಿ ಬರುತ್ತಿದ್ದ ಸೇಬಿನ ಸ್ಟಿಕ್ಕರನ್ನು ನಿಮ್ಮ ಹಳೆಯ ಸ್ಕೂಟರಿಗೆ ಅಂಟಿಸಿಕೊಂಡರೆ ಅದು ವ್ಯಾಪಾರವಲ್ಲ, ಶೋಕಿ. ಕಾನೂನು ಅತ್ತ ತಿರುಗಿ ನೋಡುವುದಿಲ್ಲ. 30ನೇ ಸೆಕ್ಷನ್ನಿನ ಪ್ರಕಾರ, ಒಡೆಯನ ಒಪ್ಪಿಗೆಯಿಂದ ಮಾರುಕಟ್ಟೆಗೆ ಬಂದ ಸರಕನ್ನು ನ್ಯಾಯವಾಗಿ ಕೊಂಡವನು ಅದೇ ಹೆಸರಿನಲ್ಲಿ ಮತ್ತೆ ಮಾರಬಹುದು. ಸರಕಿನ ಸ್ಥಿತಿ ಬದಲಾಗಿರುವುದು ಅಥವಾ ಕೆಟ್ಟಿರುವುದು ಮೊದಲಾದ ಸಕಾರಣಗಳಿದ್ದರೆ ಮಾತ್ರ ಒಡೆಯ ಆಕ್ಷೇಪಿಸಬಹುದು.

ಸ್ಯಾಮ್‌ಸಂಗ್ ಪ್ರಿಂಟರುಗಳನ್ನು ಹೊರದೇಶದಿಂದ ತರಿಸಿ ಮಾರುತ್ತಿದ್ದವರ ಪ್ರಕರಣದಲ್ಲಿ 2012ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಮಾರಾಟಕ್ಕೆ ಅಡ್ಡಿಯಿಲ್ಲ ಎಂದಿತು. ಆದರೆ ಇದು ಆಮದು ಮಾಲು, ಇದಕ್ಕೆ ಸ್ಯಾಮ್‌ಸಂಗ್‌ನ ವಾರಂಟಿ ಇಲ್ಲ ಎಂದು ಅಂಗಡಿಯಲ್ಲಿ ಎದ್ದು ಕಾಣುವಂತೆ ಫಲಕ ಹಾಕಲು ಹೇಳಿತು. 2024ರ ಮೇ ತಿಂಗಳಲ್ಲಿ ಸೀಗೇಟ್, ವೆಸ್ಟರ್ನ್ ಡಿಜಿಟಲ್‌ನ ಹಳೆಯ ಹಾರ್ಡ್‌ಡಿಸ್ಕುಗಳನ್ನು ಹೊಸದುಮಾಡಿ ಮಾರುವವರ ವಿಚಾರದಲ್ಲೂ ಅದೇ ಹೈಕೋರ್ಟಿನ ಧಾಟಿ ಇದೇ: ಮಾರಿ, ಆದರೆ ಇದು ರಿಪೇರಿ ಮಾಡಿದ ಹಳೆಯ ಮಾಲು, ಮೂಲ ತಯಾರಕರು ಇಂಥವರು, ಅವರ ವಾರಂಟಿ ಇಲ್ಲ ಎಂದು ಪೊಟ್ಟಣದ ಮೇಲೆ ಬರೆಯಿರಿ.

ಒಂದು ಶತಮಾನದ ತೀರ್ಪುಗಳನ್ನು ಒಟ್ಟಿಗೆ ಹಿಂಡಿದರೆ ಸಿಗುವ ರಸ ಒಂದೇ. ಸ್ಟಿಕ್ಕರಿನ ಷರತ್ತು ಸಹಿ ಹಾಕಿದವನನ್ನು ಕಟ್ಟುತ್ತದೆ. ಕೊಂಡವನನ್ನು ಅದು ಕಟ್ಟುವುದಿಲ್ಲ. ಆದರೆ ಆ ಗುರುತಿನ ನೆರವಿನಿಂದ ಮಾರುವಾಗ ಸುಳ್ಳು ಹೇಳುವವನನ್ನು, ಸಹಿ ಇರಲಿ ಬಿಡಲಿ, ಕಾನೂನು ಬಿಡುವುದಿಲ್ಲ.

ಈ ಅಳತೆಗೋಲಿನಲ್ಲಿ ಎಸ್‌.ಪಿ. ರಸ್ತೆಯ ಆ ಹುಡುಗನ ಹೆಬ್ಬೆರಳು ಗೆರೆ ದಾಟಿತ್ತು. ಒಡೆಯನ ಒಪ್ಪಿಗೆಯಿಲ್ಲದೆ ಮಾರಾಟದ ಸರಕಿಗೆ ಸುಳ್ಳು ಗುರುತು ಹಾಕಿದರೆ, ಅದೇ ಕಾಯ್ದೆಯ 103ನೇ ಸೆಕ್ಷನ್ ಪ್ರಕಾರ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡ. ಸತ್ಯ ಗೊತ್ತಿದ್ದೂ ಮನೆಯಲ್ಲಿಟ್ಟು ಬಳಸಿದ ನಾನು ಯಾರಿಗೂ ಮೋಸ ಮಾಡಿರಲಿಲ್ಲ. ಅದೇ ಸ್ಟಿಕ್ಕರ್ ತೋರಿಸಿ ಪೆಂಟಿಯಮ್ಮೆಂದು ಮಾರಿದ್ದರೆ ನಾನೂ ಮೋಸಗಾರನೇ. ಹಾಗಾಗಿ ಹಳೆಯ ಕಂಪ್ಯೂಟರ್ ಕೊಳ್ಳುವವರು ಸ್ಟಿಕ್ಕರನ್ನು ನಂಬಬೇಡಿ. ಯಂತ್ರವನ್ನು ಆನ್ ಮಾಡಿಸಿ, ಒಳಗೆ ಯಾವ ಪ್ರೊಸೆಸರ್ ಇದೆಯೆಂದು ತೆರೆಯ ಮೇಲೆ ಓದಿ, ಅದೇ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.