ಕೈಚೀಲದಲ್ಲಿ ಒಯ್ಯುವ ಗಣಕಯಂತ್ರ

ಹುಬ್ಬಳ್ಳಿಯ ಬೆಂಗೇರಿಯ ಹೆಸರನ್ನು ನಮ್ಮ ಓದುಗರಲ್ಲಿ ಹಲವರು ಕೇಳಿರಬಹುದು. 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಇರುವುದು ಇಲ್ಲಿಯೇ. ಖಾದಿಯ ರಾಷ್ಟ್ರಧ್ವಜವು ಸಿದ್ಧವಾಗುವುದೂ ಇಲ್ಲಿಯೇ. ಖಾದಿಯೆಂದೊಡನೆ ಚರಕವು ನೆನಪಿಗೆ ಬರುವುದು ಸಹಜ. ಹಳೆಯ ಚರಕದ ದೊಡ್ಡ ಚಕ್ರವನ್ನು ಹೊತ್ತು ಊರಿಂದೂರಿಗೆ ಹೋಗುವುದು ಸುಲಭವಾಗಿರಲಿಲ್ಲ. ಗಾಂಧೀಜಿಯವರು 1930ರ ಸುಮಾರಿಗೆ ಯರವಡಾ ಸೆರೆಮನೆಯಲ್ಲಿದ್ದಾಗ ಪೆಟ್ಟಿಗೆಯ ಚರಕವನ್ನು ತಿದ್ದಿ ರೂಪಿಸಿದರು. ಒಂದು ದೊಡ್ಡ ಚಕ್ರವು ಒಂದೇ ಹಂತದಲ್ಲಿ ಮಾಡುತ್ತಿದ್ದ ಕೆಲಸವನ್ನು ಅದರಲ್ಲಿ ಎರಡು ಸಣ್ಣ ಚಕ್ರಗಳು ಎರಡು ಹಂತಗಳಲ್ಲಿ ಮಾಡುತ್ತವೆ. ಕದಿರಿನ ವೇಗವು ಉಳಿಯಿತು. ಚರಕವು ಪೆಟ್ಟಿಗೆಯೊಳಗೆ ಅಡಗಿತು.

ದೊಡ್ಡ ಯಂತ್ರವನ್ನು ಕಿರಿದಾಗಿಸುವವನು ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬೇರೆ ರೀತಿಯಲ್ಲಿ ಜೋಡಿಸಬಹುದು? ಮೇಜಿನ ಮೇಲಿನ ಗಣಕಯಂತ್ರಕ್ಕೆ ಈ ಪ್ರಶ್ನೆಯನ್ನು ಅನ್ವಯಿಸಿ ನೋಡೋಣ.

ಒಯ್ಯುವುದಕ್ಕೆ ಲ್ಯಾಪ್‌ಟಾಪ್ ಇದೆಯಲ್ಲ ಎಂದು ಯಾರಾದರೂ ಕೇಳಿಯಾರು. ನಿಜ. ಆದರೆ ಲ್ಯಾಪ್‌ಟಾಪಿನಲ್ಲಿ ಪರದೆ, ಕೀಲಿಮಣೆ, ಬ್ಯಾಟರಿ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಎಷ್ಟೋ ಮಾದರಿಗಳಲ್ಲಿ ಮೆಮೊರಿಯನ್ನೂ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಒಂದು ಭಾಗ ಕೆಟ್ಟರೆ ಇಡೀ ಯಂತ್ರವೇ ಮೂಲೆ ಸೇರಬಹುದು. ನಾವೇ ಜೋಡಿಸಿದ ಪೆಟ್ಟಿಗೆಯಲ್ಲಾದರೋ ಕೆಟ್ಟ ಭಾಗವನ್ನಷ್ಟೇ ತೆಗೆದು ಹೊಸದನ್ನು ಕೂಡಿಸಬಹುದು. ಊರಿನ ಮನೆಗೂ ಹಾಸ್ಟೆಲಿಗೂ ನಡುವೆ ಓಡಾಡುವ, ಐದಾರು ವರ್ಷ ಒಂದೇ ಯಂತ್ರದಲ್ಲಿ ಓದು ಮುಗಿಸಬೇಕಾದ ವಿದ್ಯಾರ್ಥಿಗೆ ಇದು ಸಣ್ಣ ಸಂಗತಿಯಲ್ಲ.

ಅಳತೆಯ ಒಪ್ಪಂದ

ಗಣಕದ ಎಲ್ಲ ಭಾಗಗಳೂ ಕೂಡಿಕೊಳ್ಳುವ ಹಲಗೆಗೆ ಮದರ್‌ಬೋರ್ಡ್ ಎಂದು ಹೆಸರು. ಇಂಟೆಲ್ ಸಂಸ್ಥೆಯು 1995ರಲ್ಲಿ ಗೊತ್ತುಪಡಿಸಿದ ಎಟಿಎಕ್ಸ್ ಬೋರ್ಡಿನ ಅಳತೆ 30.5 ಸೆಂ.ಮೀ. ಉದ್ದ, 24.4 ಸೆಂ.ಮೀ. ಅಗಲ. 2001ರಲ್ಲಿ ತೈವಾನಿನ ವಿಯಾ ಸಂಸ್ಥೆಯು ಮಿನಿ-ಐಟಿಎಕ್ಸ್ ಎಂಬ ಚೌಕವಾದ ಬೋರ್ಡನ್ನು ಹೊರತಂದಿತು. ಅದರ ಬದಿಗಳು 17 ಸೆಂ.ಮೀ. ಮಾತ್ರ. ಅಂದರೆ 744 ಚದರ ಸೆಂ.ಮೀ. ಇದ್ದ ಹಲಗೆಯು 289 ಚದರ ಸೆಂ.ಮೀ.ಗೆ ಇಳಿಯಿತು. ವಿಶೇಷವೆಂದರೆ, ಈ ಸಣ್ಣ ಬೋರ್ಡಿನ ನಾಲ್ಕು ತಿರುಪಿನ ರಂಧ್ರಗಳು ದೊಡ್ಡ ಬೋರ್ಡಿನ ರಂಧ್ರಗಳ ಸ್ಥಾನಕ್ಕೇ ಹೊಂದುತ್ತವೆ. ಆದುದರಿಂದ ಸಣ್ಣ ಬೋರ್ಡನ್ನು ಹಳೆಯ ದೊಡ್ಡ ಪೆಟ್ಟಿಗೆಯಲ್ಲಿಯೂ ಕೂಡಿಸಬಹುದು.

ರಾಷ್ಟ್ರಧ್ವಜಕ್ಕೆ ಒಂಬತ್ತು ಗಾತ್ರಗಳು ಗೊತ್ತಾಗಿವೆ. ಎಲ್ಲದರಲ್ಲೂ ಉದ್ದ ಅಗಲಗಳ ಪ್ರಮಾಣ 3ಕ್ಕೆ 2. ಹೊಲಿಯುವ ಕೈ ಯಾವುದಾದರೂ ಅಳತೆ ಬದಲಾಗುವಂತಿಲ್ಲ. ಗಣಕದ ಭಾಗಗಳಲ್ಲಿಯೂ ಇಂಥ ಒಪ್ಪಂದವಿರುವುದರಿಂದಲೇ ಬೇರೆ ಬೇರೆ ದೇಶಗಳಲ್ಲಿ ಮಾಡಿದ ಭಾಗಗಳು ಹುಬ್ಬಳ್ಳಿಯ ಒಂದು ಮೇಜಿನ ಮೇಲೆ ಸೇರಿ ಕೆಲಸ ಮಾಡುತ್ತವೆ. ತಮಗೆ ಬೇಕಾದಂತೆ ಯಂತ್ರವನ್ನು ರೂಪಿಸಿಕೊಳ್ಳುವ ಸ್ವಾತಂತ್ರ್ಯವು ದೊರೆಯುವುದು ಅಳತೆಯ ಈ ಕಟ್ಟುನಿಟ್ಟಿನಿಂದಲೇ.

ಮಾಹಿತಿಯ ಸಂಗ್ರಹಕ್ಕೆ ತಿರುಗುವ ತಟ್ಟೆಯುಳ್ಳ ಹಾರ್ಡ್‌ಡಿಸ್ಕ್ ಇಲ್ಲಿ ಸಲ್ಲದು. ತಟ್ಟೆ ತಿರುಗುತ್ತಿರುವಾಗ ಪೆಟ್ಟಿಗೆಗೆ ಪೆಟ್ಟು ತಗುಲಿದರೆ, ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಅದರ ಮೇಲೆ ತೇಲುವ ಓದುಮೂತಿಯು ತಟ್ಟೆಯನ್ನು ಗೀರೀತು. ಅದರ ಬದಲಿಗೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಘನಸ್ಥಿತಿಯ ಸಂಗ್ರಹಪಟ್ಟಿಯನ್ನು ಬೋರ್ಡಿಗೇ ತಿರುಪಿನಿಂದ ಬಿಗಿಯಬಹುದು. ಅದರಲ್ಲಿ ಚಲಿಸುವ ಭಾಗವೇ ಇಲ್ಲ.

ಉಷ್ಣದ ಲೆಕ್ಕ

ಪೆಟ್ಟಿಗೆಯನ್ನು ಕಿರಿದಾಗಿಸಲು ಹೊರಟವನನ್ನು ಕೊನೆಗೆ ತಡೆದು ನಿಲ್ಲಿಸುವುದು ಉಷ್ಣ. ಗಣಕವು ಬಳಸುವ ವಿದ್ಯುಚ್ಛಕ್ತಿಯು ಬಹುಮಟ್ಟಿಗೆ ಎಲ್ಲವೂ ಉಷ್ಣವಾಗಿ ಪರಿಣಮಿಸುತ್ತದೆ. ಸಾಮಾನ್ಯ ಗೋಪುರದಾಕಾರದ ಪೆಟ್ಟಿಗೆಯು 45 ಸೆಂ.ಮೀ. ಎತ್ತರ, 45 ಸೆಂ.ಮೀ. ಆಳ, 20 ಸೆಂ.ಮೀ. ಅಗಲವಿದ್ದರೆ ಅದರ ಗಾತ್ರ ಸುಮಾರು 40 ಲೀಟರು. ನಮ್ಮ ಪೆಟ್ಟಿಗೆಯ ಅಳತೆ 25, 20, 10 ಸೆಂ.ಮೀ. ಇರಲಿ, ಗಾತ್ರ 5 ಲೀಟರು. ಮೊದಲನೆಯದರ ಹೊರಮೈ 7,650 ಚದರ ಸೆಂ.ಮೀ., ಎರಡನೆಯದರದು 1,900. ಎರಡರಲ್ಲಿಯೂ ಉತ್ಪತ್ತಿಯಾಗುವ ಉಷ್ಣ ಒಂದೇ ಆಗಿದ್ದರೆ, ಸಣ್ಣ ಪೆಟ್ಟಿಗೆಯ ಪ್ರತಿ ಚದರ ಸೆಂಟಿಮೀಟರೂ ನಾಲ್ಕರಷ್ಟು ಉಷ್ಣವನ್ನು ಹೊರಹಾಕಬೇಕಾಗುತ್ತದೆ. ಹೊರಮೈಗೆ ಇದು ಸಾಧ್ಯವಿಲ್ಲ; ಗಾಳಿಯೇ ಉಷ್ಣವನ್ನು ಹೊತ್ತೊಯ್ಯಬೇಕು.

ಎಷ್ಟು ಗಾಳಿ ಬೇಕು? ಒಂದು ಲೀಟರು ಗಾಳಿಯ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 1.2 ಜೂಲ್ ಶಕ್ತಿ ಸಾಕು. ಯಂತ್ರವು 120 ವ್ಯಾಟ್ ಬಳಸುತ್ತದೆ, ಒಳಹೊಕ್ಕ ಗಾಳಿಯು 10 ಡಿಗ್ರಿ ಬಿಸಿಯಾಗಿ ಹೊರಬರುತ್ತದೆ ಎಂದಿಟ್ಟುಕೊಂಡರೆ, ಸೆಕೆಂಡಿಗೆ 10 ಲೀಟರು ಗಾಳಿ ಹರಿಯಬೇಕು. 5 ಲೀಟರಿನ ಪೆಟ್ಟಿಗೆಯೊಳಗಣ ಗಾಳಿಯೆಲ್ಲವೂ ಸೆಕೆಂಡಿಗೆ ಎರಡು ಬಾರಿ ಬದಲಾಗಬೇಕೆಂದಾಯಿತು!

ಫ್ಯಾನಿನ ಆಯ್ಕೆಯಲ್ಲಿಯೂ ಒಂದು ನಿಯಮವಿದೆ. ಒಂದೇ ಆಕಾರದ ಫ್ಯಾನುಗಳಲ್ಲಿ ವ್ಯಾಸವನ್ನು ಅರ್ಧಕ್ಕಿಳಿಸಿದರೆ, ಅಷ್ಟೇ ಗಾಳಿಯನ್ನು ತಳ್ಳಲು ಸ್ಥೂಲವಾಗಿ ಎಂಟರಷ್ಟು ವೇಗವಾಗಿ ತಿರುಗಬೇಕು. ಆಗ ಅದರ ಚೀರಾಟ ಓದುವ ಕೋಣೆಗೆ ತಕ್ಕುದಲ್ಲ. ಆದುದರಿಂದ ಸಣ್ಣ ಪೆಟ್ಟಿಗೆಗೆ ಹಿಡಿಸುವಷ್ಟು ದೊಡ್ಡ ಫ್ಯಾನನ್ನೇ ಆರಿಸಬೇಕು.

ಬೆಂಗೇರಿಯಲ್ಲಿ ಇಂಥ ಪೆಟ್ಟಿಗೆಯೊಂದನ್ನು ಜೋಡಿಸಿದಾಗ ನಾವೂ ಒಂದು ಪಾಠ ಕಲಿತೆವು. ಚಳಿಗಾಲದಲ್ಲಿ ಚೆನ್ನಾಗಿ ನಡೆದ ಯಂತ್ರವು ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಮಂದವಾಗತೊಡಗಿತು. ಪ್ರೊಸೆಸರಿನ ಒಳಗಿನ ಉಷ್ಣತೆ 95 ಅಥವಾ 100 ಡಿಗ್ರಿಯ ಮಿತಿಯನ್ನು ಮುಟ್ಟಿದರೆ ಅದು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಹೊರಗಿನ ಗಾಳಿಯೇ 38 ಡಿಗ್ರಿ ಇರುವಾಗ ಮಿತಿಯು ಬೇಗನೆ ಸಮೀಪಿಸುತ್ತದೆ. ತಿರುಪು ಬಿಚ್ಚಿ ನೋಡಿದೆವು. ಗಾಳಿ ಒಳಬರುವ ಜಾಲರಿಯ ಮೇಲೆ ಧೂಳು, ಹತ್ತಿಯ ಎಳೆಗಳು ಸೇರಿ ತೆಳುವಾದ ಬಟ್ಟೆಯನ್ನೇ ನೇಯ್ದಿದ್ದವು. ಸಾಲದುದಕ್ಕೆ, ಪೆಟ್ಟಿಗೆಯ ತಳವು ಮೇಜಿಗೆ ಅಂಟಿಕೊಂಡು ಗಾಳಿಯ ದಾರಿ ಕಟ್ಟಿತ್ತು. ಜಾಲರಿಯನ್ನು ಒರೆಸಿ, ತಳಕ್ಕೆ ಎರಡು ಸೆಂ.ಮೀ. ಎತ್ತರದ ರಬ್ಬರಿನ ಕಾಲುಗಳನ್ನು ಹಚ್ಚಿದ ಮೇಲೆ ಯಂತ್ರವು ಮೊದಲಿನಂತಾಯಿತು. ದೋಷ ನಮ್ಮದೇ ಆಗಿತ್ತು.

ಹೊರಗಿಟ್ಟ ವಿದ್ಯುನ್ಮೂಲ

ಚರಕದ ದೊಡ್ಡ ಚಕ್ರದಂತೆ ಗಣಕದಲ್ಲಿ ಜಾಗ ತಿನ್ನುವ ಭಾಗವು ಪವರ್ ಸಪ್ಲೈ. 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5, 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಮಾರ್ಪಡಿಸುವುದು ಅದರ ಕೆಲಸ. ಇದನ್ನೂ ಎರಡು ಹಂತಗಳಾಗಿ ಒಡೆಯಬಹುದು. ಮೊದಲ ಹಂತವನ್ನು ಲ್ಯಾಪ್‌ಟಾಪಿಗೆ ಇರುವಂಥ ಹೊರಗಿನ ಅಡಾಪ್ಟರು ಪೂರೈಸುತ್ತದೆ: 19 ವೋಲ್ಟ್, 6.3 ಆಂಪಿಯರ್, ಅಂದರೆ 120 ವ್ಯಾಟ್. ಎರಡನೆಯ ಹಂತವನ್ನು ಪೆಟ್ಟಿಗೆಯೊಳಗಿನ ಅಂಗೈಗಿಂತ ಸಣ್ಣ ಹಲಗೆಯು ನೋಡಿಕೊಳ್ಳುತ್ತದೆ. ಇದರಿಂದ ಜಾಗವೂ ಉಳಿಯಿತು, ಪರಿವರ್ತನೆಯ ಉಷ್ಣದಲ್ಲಿ ಒಂದು ಪಾಲೂ ಹೊರಗುಳಿಯಿತು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕೆನ್ನುವವರಿಗೆ ಮಾತ್ರ ಈ ಶಕ್ತಿ ಸಾಲದು. ಅವರು ಹೆಚ್ಚು ದೊಡ್ಡ ಪೆಟ್ಟಿಗೆಯನ್ನು ಒಪ್ಪಿಕೊಳ್ಳಬೇಕು.

ಜೋಡಣೆಯ ಕ್ರಮ

ಮೊದಲು ಎಲ್ಲ ಭಾಗಗಳ ಎತ್ತರವನ್ನು, ಮುಖ್ಯವಾಗಿ ಶೀತಕದ ಎತ್ತರವನ್ನು, ಕಾಗದದ ಮೇಲೆ ಬರೆದು ಕೂಡಿಸಿರಿ. ಕೈಯಲ್ಲಿ ಸಂಚಿತವಾದ ಸ್ಥಿರವಿದ್ಯುತ್ತು ಚಿಪ್ಪುಗಳನ್ನು ಕೆಡಿಸಬಲ್ಲುದಾದ್ದರಿಂದ ಭೂಸಂಪರ್ಕವುಳ್ಳ ಲೋಹವನ್ನು ಮುಟ್ಟಿ ಕೆಲಸಕ್ಕೆ ತೊಡಗಿರಿ. ಪ್ರೊಸೆಸರನ್ನು ಒತ್ತಡ ಹಾಕದೆ ಕೂಡಿಸಿ, ಉಷ್ಣವಾಹಕ ಲೇಪವನ್ನು ತೆಳುವಾಗಿ ಹಚ್ಚಿ, ಶೀತಕವನ್ನು ಬಿಗಿಯಿರಿ. ಬಳಿಕ ಮೆಮೊರಿ, ಸಂಗ್ರಹಪಟ್ಟಿ. ಪೆಟ್ಟಿಗೆಯೊಳಗೆ ಇಡುವ ಮುನ್ನ ಬೋರ್ಡನ್ನು ಒಣ ರಟ್ಟಿನ ಮೇಲಿಟ್ಟು ಒಮ್ಮೆ ನಡೆಸಿ ನೋಡಿರಿ. ಇಕ್ಕಟ್ಟಿನಲ್ಲಿ ಕೂಡಿಸಿದ ಮೇಲೆ ದೋಷವನ್ನು ಹುಡುಕುವುದು ಪ್ರಯಾಸ.

ಪ್ರಯಾಣಕ್ಕಾಗಿ ಇನ್ನೂ ಒಂದು ಎಚ್ಚರ: ಬಸ್ಸಿನ ಕುಲುಕಾಟಕ್ಕೆ ಎತ್ತರದ ಭಾರವಾದ ಶೀತಕವು ಬೋರ್ಡನ್ನು ಜಗ್ಗುತ್ತದೆ. ತಗ್ಗಾದ, ಹಗುರಾದ ಶೀತಕವೇ ಲೇಸು. ಮನೆಯಲ್ಲಿಯೂ ಹಾಸ್ಟೆಲಿನಲ್ಲಿಯೂ ಪರದೆಗಳಿದ್ದರೆ ಪೆಟ್ಟಿಗೆಯನ್ನು ಮಾತ್ರ ಒಯ್ದರಾಯಿತು. ಅನೇಕ ಪರದೆಗಳ ಬೆನ್ನಿಗೆ 10 ಸೆಂ.ಮೀ. ಅಂತರದಲ್ಲಿ ನಾಲ್ಕು ತಿರುಪಿನ ರಂಧ್ರಗಳಿರುತ್ತವೆ. ಪೆಟ್ಟಿಗೆಯನ್ನು ಅಲ್ಲಿಯೇ ತೂಗುಹಾಕಬಹುದು.

ಹಿಂದಿನವರ ಪ್ರಯತ್ನಗಳು

1981ರಲ್ಲಿ ಅಮೆರಿಕದಲ್ಲಿ ಬಂದ ಆಸ್ಬೋರ್ನ್ 1 ಎಂಬ ‘ಒಯ್ಯುವ’ ಗಣಕದ ತೂಕ ಸುಮಾರು 11 ಕಿಲೋ. ಪರದೆ ಐದೇ ಅಂಗುಲ. ನಮ್ಮ ನಾಡಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಬೆಂಗಳೂರಿನ ಎನ್‌ಕೋರ್ ಸಂಸ್ಥೆಯವರೂ ಸೇರಿ ಅಂಗೈಯಗಲದ ಸಿಂಪ್ಯೂಟರನ್ನು ರೂಪಿಸಿ 2001ರಲ್ಲಿ ಅದರ ಮಾದರಿಯನ್ನು ತೋರಿಸಿದರು. ಒಂದು ಯಂತ್ರವನ್ನು ಹಲವರು ಹಂಚಿಕೊಂಡು, ತಮ್ಮ ತಮ್ಮ ಮಾಹಿತಿಯನ್ನು ಸಣ್ಣ ಕಾರ್ಡಿನಲ್ಲಿ ಒಯ್ಯಬಹುದೆಂಬುದು ಅದರ ಹಿಂದಿನ ಜಾಣ ಕಲ್ಪನೆ. ಅದಕ್ಕೆ ನಿರೀಕ್ಷಿಸಿದಷ್ಟು ಬಳಕೆ ದೊರೆಯಲಿಲ್ಲ. 2025ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ಕಿಯೋ ಎಂಬ ಸಣ್ಣ ಗಣಕವನ್ನು ಪ್ರಕಟಪಡಿಸಿತು. ಮುಕ್ತ ವಿನ್ಯಾಸದ ರಿಸ್ಕ್-ಫೈವ್ ಮಾದರಿಯ ಪ್ರೊಸೆಸರು, ಲಿನಕ್ಸ್ ವ್ಯವಸ್ಥೆ ಅದರಲ್ಲಿವೆ.

ಸಿದ್ಧವಾದ ಯಂತ್ರವನ್ನು ಕೊಳ್ಳುವುದು ತಪ್ಪಲ್ಲ. ಆದರೆ ತನ್ನ ಕೈಯಿಂದ ಜೋಡಿಸಿದವನು ವ್ಯಾಟ್, ವೋಲ್ಟ್, ಡಿಗ್ರಿಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಬೇಕಾಗಿಲ್ಲ; ಅವು ಅವನ ಮೇಜಿನ ಮೇಲೆಯೇ ಕೆಲಸ ಮಾಡುತ್ತಿರುತ್ತವೆ. ಯಂತ್ರ ನಿಂತ ದಿನ ಅವನು ಅಂಗಡಿಗೆ ಓಡುವ ಮುನ್ನ ತಿರುಪುಳಿಯನ್ನು ಕೈಗೆತ್ತಿಕೊಳ್ಳುತ್ತಾನೆ. ನಮ್ಮ ವಿದ್ಯಾರ್ಥಿಗಳು ಒಂದು ಹಳೆಯ ಗಣಕವನ್ನು ಬಿಚ್ಚಿ, ಅದರ ಫ್ಯಾನು ಯಾವ ಕಡೆಯಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆಂಬುದನ್ನು ನೋಡುವುದರಿಂದಲೇ ಈ ಅಭ್ಯಾಸವನ್ನು ಆರಂಭಿಸಬಹುದು. ಬಿಚ್ಚುವ ಮುನ್ನ ವಿದ್ಯುತ್ ತಂತಿಯನ್ನು ಕಿತ್ತಿಡುವುದನ್ನು ಮಾತ್ರ ಮರೆಯಬಾರದು.