ಕಟ್ಟಡದೊಳಗಿನ ಗುಂಡಿನ ಸದ್ದನ್ನು ಗುರುತಿಸುವ ಸಾಧನಗಳು: ತಂತ್ರ, ವೆಚ್ಚ ಮತ್ತು ಮಿತಿ

ಗೋದಾಮಿನಲ್ಲಿ ಬೆಂಕಿ ಕಾಣಿಸಿಕೊಂಡರೆ ಹೊಗೆಯನ್ನು ಗ್ರಹಿಸಿ ಗಂಟೆ ಬಾರಿಸುವ ಸಾಧನವು ನಮ್ಮ ಸದಸ್ಯರಿಗೆಲ್ಲ ಪರಿಚಿತವಾದದ್ದೇ. ಅದೇ ಮಾದರಿಯಲ್ಲಿ, ಕಟ್ಟಡದೊಳಗೆ ಬಂದೂಕು ಸಿಡಿದ ಕೂಡಲೇ ಯಾರೂ ದೂರವಾಣಿ ಎತ್ತುವುದಕ್ಕೆ ಮೊದಲೇ ಪೊಲೀಸರಿಗೂ ಒಳಗಿರುವವರಿಗೂ ಸುದ್ದಿ ಮುಟ್ಟಿಸುವ ಉಪಕರಣಗಳು ಅಮೆರಿಕದಲ್ಲಿ ಬಳಕೆಗೆ ಬಂದಿವೆ. ಇದು ಶಾಲೆಗಳಿಗೆ ಸಂಬಂಧಿಸಿದ ವಿಷಯವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಅಲ್ಲಿನ ಎಫ್.ಬಿ.ಐ. 2014ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೆಯದನ್ನೇ ಹೇಳುತ್ತದೆ. 2000ದಿಂದ 2013ರವರೆಗಿನ ಇಂತಹ 160 ಘಟನೆಗಳ ಪೈಕಿ 73, ಅಂದರೆ ಶೇ. 45.6ರಷ್ಟು, ನಡೆದದ್ದು ವ್ಯಾಪಾರ ವ್ಯವಹಾರದ ಸ್ಥಳಗಳಲ್ಲಿ. ವಿದ್ಯಾಸಂಸ್ಥೆಗಳಲ್ಲಿ ನಡೆದವು 39. ಆದಕಾರಣ ಈ ವಿಷಯವು ವಾಣಿಜ್ಯ ಪತ್ರಿಕೆಯ ಪುಟಗಳಿಗೆ ಹೊರತಾದದ್ದಲ್ಲ.

ಇಲ್ಲಿ ಮೂಲ ಪ್ರಶ್ನೆ ಸಮಯದ್ದು. ಅದೇ ಅಧ್ಯಯನದಲ್ಲಿ ಅವಧಿಯನ್ನು ನಿಖರವಾಗಿ ಲೆಕ್ಕಹಾಕಲು ಸಾಧ್ಯವಾದ 63 ಘಟನೆಗಳ ಪೈಕಿ 44 ಐದು ನಿಮಿಷದೊಳಗೆ ಮುಗಿದಿದ್ದವು. ಅವುಗಳಲ್ಲಿ 23 ಎರಡೇ ನಿಮಿಷದೊಳಗೆ. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ ಆರು ಮಂದಿ ಸಿಬ್ಬಂದಿಯೂ ಹತರಾದರು. ತುರ್ತು ಸಂಖ್ಯೆ 911ಕ್ಕೆ ಮೊದಲ ಕರೆ ಬಂದ ಐದು ನಿಮಿಷದೊಳಗೆ ಕೊನೆಯ ಗುಂಡು ಹಾರಿಯಾಗಿತ್ತು. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಮಂದಿ ಸತ್ತಾಗ ಇನ್ನೊಂದು ವಿಚಿತ್ರ ಬೆಳಕಿಗೆ ಬಂತು. ಅಲ್ಲಿನ ಮೊಬೈಲ್ ಕರೆಗಳು ಪಕ್ಕದ ಊರಿನ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಮತ್ತೊಂದು ಕೇಂದ್ರಕ್ಕೆ ವರ್ಗಾವಣೆಯಾಗಬೇಕಾಗಿತ್ತು. ಜತೆಗೆ ಬಂದೂಕಿನ ಹೊಗೆ ಧೂಳಿನಿಂದಾಗಿ ಅಗ್ನಿ ಎಚ್ಚರಿಕೆಯ ಗಂಟೆಯೇ ಮೊಳಗಿತು. ಒಳಗೆ ಬಾಗಿಲು ಹಾಕಿಕೊಂಡು ಕೂರಬೇಕಾದವರು ಹೊರಗೆ ಬಂದರು. ತಪ್ಪು ಎಚ್ಚರಿಕೆಯು ಎಚ್ಚರಿಕೆಯೇ ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕಾರಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

ಬೀದಿಯಲ್ಲಿ ಗುಂಡಿನ ಸದ್ದನ್ನು ಪತ್ತೆ ಮಾಡುವ ವಿಧಾನ ಹಳೆಯದು. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ಆರಂಭವಾದ ಶಾಟ್‌ಸ್ಪಾಟರ್ ಸಂಸ್ಥೆಯು (2023ರಿಂದ ಸೌಂಡ್‌ಥಿಂಕಿಂಗ್) ಕಂಬಗಳ ಮೇಲೂ ಛಾವಣಿಗಳ ಮೇಲೂ ಮೈಕ್ರೊಫೋನ್ ಅಳವಡಿಸುತ್ತದೆ. ಸದ್ದು ಒಂದೊಂದು ಮೈಕ್ರೊಫೋನನ್ನು ತಲಪಿದ ಕಾಲದ ವ್ಯತ್ಯಾಸದಿಂದ ಸ್ಥಳವನ್ನು ಗಣಿಸುತ್ತದೆ. ಒಳಾಂಗಣದಲ್ಲಿ ಈ ಲೆಕ್ಕಾಚಾರ ಕೈಕೊಡುತ್ತದೆ. ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಸಾಗುವುದರಿಂದ ಹತ್ತು ಮೀಟರ್ ಕೋಣೆಯಲ್ಲಿ ಮೂಲ ಸದ್ದಿನ ಬೆನ್ನಿಗೇ ಗೋಡೆ, ತಾರಸಿ, ನೆಲಗಳಿಂದ ಪ್ರತಿಧ್ವನಿಗಳು ಬಂದು ಒಂದರೊಳಗೊಂದು ಬೆರೆತುಹೋಗುತ್ತವೆ. ಗೋಡೆಯಾಚೆಗೆ ಸದ್ದು ಕುಗ್ಗುತ್ತದೆ. ಬಾಗಿಲು ಬಡಿದುಕೊಂಡರೂ ಮೇಜು ಉರುಳಿದರೂ ಬಲೂನು ಒಡೆದರೂ ಹೆಚ್ಚುಕಡಿಮೆ ಅಂತಹುದೇ ಆಘಾತಧ್ವನಿ ಏಳುತ್ತದೆ. ತಗಡು ಕತ್ತರಿಸುವ ಯಂತ್ರವಿರುವ ಕಾರ್ಖಾನೆಯ ಪಾಡಂತೂ ಹೇಳತೀರದು!

ಪರಿಹಾರವು ಯುದ್ಧಭೂಮಿಯಿಂದ ಬಂತು. ಇರಾಕ್ ಯುದ್ಧದ ಕಾಲದಲ್ಲಿ, 2003ರ ಕೊನೆಯ ಭಾಗದಲ್ಲಿ, ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ಬೆಂಬಲದಿಂದ ಬಿ.ಬಿ.ಎನ್. ಎಂಬ ಕಂಪನಿಯು ಸೇನಾ ವಾಹನಗಳಿಗೆ ‘ಬೂಮರಾಂಗ್’ ಎಂಬ ಸಾಧನವನ್ನು ರೂಪಿಸಲು ತೊಡಗಿತು. ಶಬ್ದಕ್ಕಿಂತ ವೇಗವಾಗಿ ಹಾರುವ ಗುಂಡಿನ ಆಘಾತ ತರಂಗವನ್ನೂ ಬಂದೂಕಿನ ನಳಿಗೆಯ ಸ್ಫೋಟವನ್ನೂ ಪ್ರತ್ಯೇಕವಾಗಿ ಗ್ರಹಿಸಿ ಶತ್ರುವಿನ ದಿಕ್ಕು, ದೂರಗಳನ್ನು ಅದು ತಿಳಿಸುತ್ತಿತ್ತು. ಈ ಜ್ಞಾನವನ್ನು ಕಟ್ಟಡದೊಳಕ್ಕೆ ತಂದದ್ದು ಮ್ಯಾಸಚೂಸೆಟ್ಸ್‌ನ ಶೂಟರ್ ಡಿಟೆಕ್ಷನ್ ಸಿಸ್ಟಮ್ಸ್ ಎಂಬ ಸಣ್ಣ ಸಂಸ್ಥೆ. ಅದರ ‘ಗಾರ್ಡಿಯನ್’ ಸಾಧನವು ಸದ್ದನ್ನಷ್ಟೇ ನಂಬುವುದಿಲ್ಲ. ಗುಂಡು ಹಾರುವಾಗ ನಳಿಗೆಯ ತುದಿಯಲ್ಲಿ ಕ್ಷಣಾರ್ಧ ಮಿಂಚುವ ಅವಗೆಂಪು ಕಿರಣವೂ ಅದೇ ಗಳಿಗೆಯಲ್ಲಿ ಕಾಣಬೇಕು. ಎರಡು ಸಹಿಯಿಲ್ಲದೆ ಚೆಕ್ಕು ಪಾಸಾಗದಿರುವಂತಹುದೇ ಈ ವ್ಯವಸ್ಥೆ. 2014ರ ನವೆಂಬರ್‌ನಲ್ಲಿ ಅದೇ ರಾಜ್ಯದ ಮೆಥುಯೆನ್ ಊರಿನ ಶಾಲೆಯೊಂದರಲ್ಲಿ ಇದರ ಬಹಿರಂಗ ಪ್ರಾತ್ಯಕ್ಷಿಕೆ ನಡೆಯಿತು. 2020ರ ಡಿಸೆಂಬರ್‌ನಲ್ಲಿ ಅಲಾರ್ಮ್‌.ಕಾಮ್ ಕಂಪನಿಯು ಈ ಸಂಸ್ಥೆಯ ಬಹುಪಾಲನ್ನು ಖರೀದಿಸಿತು. ರಕ್ಷಣಾ ಸಂಶೋಧನೆಗೆ ಸರ್ಕಾರ ಸುರಿದ ಹಣವು ಸಣ್ಣ ಉದ್ಯಮಿಯೊಬ್ಬನ ಉತ್ಪನ್ನವಾಗುವ ಈ ಹಾದಿಯನ್ನು ನಮ್ಮ ತಯಾರಕರು ಗಮನಿಸಬೇಕು.

ಪತ್ತೆಯಾದ ನಂತರ ಮನುಷ್ಯರ ನಿರ್ಧಾರಕ್ಕೆ ಕಾಯದೆ ಕಟ್ಟಡದ ನಕ್ಷೆಯ ಮೇಲೆ ಕೋಣೆಯ ಗುರುತು ಮೂಡುತ್ತದೆ, ಸಂಬಂಧಪಟ್ಟವರಿಗೆ ಸಂದೇಶ ಹೋಗುತ್ತದೆ, ಹತ್ತಿರದ ಕ್ಯಾಮೆರಾದ ದೃಶ್ಯ ತೆರೆದುಕೊಳ್ಳುತ್ತದೆ, ಬಯಸಿದರೆ ಬಾಗಿಲುಗಳಿಗೂ ಬೀಗ ಬೀಳುತ್ತದೆ.

ಇನ್ನು ಲೆಕ್ಕದ ಮಾತು. ಅವಗೆಂಪು ಕಿರಣ ಗೋಡೆಯನ್ನು ದಾಟದು. ಆದ್ದರಿಂದ ಕೋಣೆಗೊಂದರಂತೆ, ಮೊಗಸಾಲೆಯುದ್ದಕ್ಕೂ ಹಲವು ಸಾಧನಗಳು ಬೇಕು. ಬಂಡವಾಳ ವೆಚ್ಚದ ಮೇಲೆ ಸವಕಳಿ, ವಾರ್ಷಿಕ ನಿರ್ವಹಣೆ, ತಂತ್ರಾಂಶದ ಚಂದಾ, ಸಿಬ್ಬಂದಿಯ ತಾಲೀಮು ಇವೆಲ್ಲ ಸೇರುತ್ತವೆ. ಎದುರು ಬದಿಯಲ್ಲಿ ಬರೆಯಲು ಆದಾಯವೇನೂ ಇಲ್ಲ. ಎಂದೂ ಬಳಕೆಯಾಗದಿರಲಿ ಎಂಬುದೇ ಕೊಂಡವನ ಹಾರೈಕೆ. ಇಂತಹ ಖರ್ಚಿನ ಫಲವನ್ನು ಅಳೆಯುವುದು ಕಷ್ಟ. ಹೊರಾಂಗಣ ವ್ಯವಸ್ಥೆಯ ಉದಾಹರಣೆ ನೋಡಿ. ಷಿಕಾಗೊ ನಗರವು 2018ರಲ್ಲಿ ಶಾಟ್‌ಸ್ಪಾಟರ್‌ನೊಂದಿಗೆ ಮೂರು ವರ್ಷಕ್ಕೆ 3.3 ಕೋಟಿ ಡಾಲರ್ ಮೊತ್ತದ ಒಪ್ಪಂದ ಮಾಡಿಕೊಂಡಿತು. 2021ರ ಆಗಸ್ಟ್‌ನಲ್ಲಿ ನಗರದ ಇನ್‌ಸ್ಪೆಕ್ಟರ್ ಜನರಲ್ ಪರಿಶೀಲಿಸಿದಾಗ, ದಾಖಲಾದ 50,176 ಎಚ್ಚರಿಕೆಗಳಲ್ಲಿ ಬಂದೂಕಿನ ಅಪರಾಧಕ್ಕೆ ಸಾಕ್ಷ್ಯ ದೊರೆತದ್ದು 4,556ರಲ್ಲಿ ಮಾತ್ರ, ಶೇ. 9.1. ಸಾಕ್ಷ್ಯ ಸಿಗದಿದ್ದ ಮಾತ್ರಕ್ಕೆ ಗುಂಡು ಹಾರಲಿಲ್ಲ ಎನ್ನಲಾಗದು, ನಿಜ. ಆದರೆ ಹಣ ಕೊಟ್ಟವರು ಲೆಕ್ಕ ಕೇಳಿಯೇ ಕೇಳುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಆ ಸೇವೆ ನಿಂತಿತು. ಒಳಾಂಗಣ ಸಾಧನಗಳು ಇದೇ ಪರೀಕ್ಷೆಯನ್ನು ಇಷ್ಟೊಂದು ದೊಡ್ಡ ಪ್ರಮಾಣದಲ್ಲಿ ಎದುರಿಸಿಲ್ಲವೆಂಬುದನ್ನು ಮಾರಾಟಗಾರರ ಕರಪತ್ರ ಓದುವಾಗ ನೆನಪಿಡಬೇಕು.

ಸುದ್ದಿ ಬೇಗ ಮುಟ್ಟಿದರೆ ಸಾಕೇ ಎಂಬುದು ಬೇರೆಯೇ ಪ್ರಶ್ನೆ. 2022ರ ಮೇ 24ರಂದು ಟೆಕ್ಸಾಸ್‌ನ ಯುವಾಲ್ಡಿಯಲ್ಲಿ ಪೊಲೀಸರು ಕೆಲವೇ ನಿಮಿಷಗಳಲ್ಲಿ ಶಾಲೆಯೊಳಗಿದ್ದರು. ಆದರೆ ಹಂತಕನನ್ನು ಎದುರಿಸಲು ತೆಗೆದುಕೊಂಡದ್ದು 77 ನಿಮಿಷ. ಹತ್ತೊಂಬತ್ತು ಮಕ್ಕಳು, ಇಬ್ಬರು ಶಿಕ್ಷಕಿಯರು ಪ್ರಾಣ ಕಳೆದುಕೊಂಡರು.

ಕೊನೆಯದಾಗಿ ಹೊಣೆಗಾರಿಕೆಯ ಒಂದು ಅಂಶ. ಸಾಧನ ಸಕಾಲದಲ್ಲಿ ಕೆಲಸ ಮಾಡದಿದ್ದರೆ ಪರಿಹಾರ ಕೊಡುವವರು ಯಾರು? ಭಯೋತ್ಪಾದನೆಯನ್ನು ತಡೆಯುವ ತಂತ್ರಜ್ಞಾನಗಳ ತಯಾರಕರಿಗೆ 2002ರ ‘ಸೇಫ್ಟಿ ಆಕ್ಟ್’ ಎಂಬ ಅಮೆರಿಕದ ಕಾನೂನು ರಕ್ಷಣೆ ನೀಡುತ್ತದೆ. ಅದರಡಿ ಮಾನ್ಯತೆ ಪಡೆದ ಸಾಧನವಾದರೆ ಮಾರಿದವನ ಹೊಣೆಗೆ ಮಿತಿಯುಂಟು; ಕೊಂಡವನ ಮೇಲೆ ದಾವೆ ಹೂಡುವಂತಿಲ್ಲ. ಆದರೆ ಘಟನೆಯನ್ನು ಭಯೋತ್ಪಾದಕ ಕೃತ್ಯವೆಂದು ಅಲ್ಲಿನ ಆಂತರಿಕ ಭದ್ರತಾ ಕಾರ್ಯದರ್ಶಿಯವರು ನಿರ್ಣಯಿಸಿದರೆ ಮಾತ್ರ ಈ ರಕ್ಷಣೆ ಅನ್ವಯ. ಕೆಲಸದಿಂದ ತೆಗೆದುಹಾಕಲ್ಪಟ್ಟ ನೌಕರನೊಬ್ಬ ದ್ವೇಷದಿಂದ ಬಂದೂಕು ಹಿಡಿದು ಬಂದರೆ, ಅಂತಹ ನಿರ್ಣಯ ಹೊರಬೀಳದ ಹೊರತು, ಮಾಲೀಕನು ತನ್ನ ವಿಮಾ ಪಾಲಿಸಿಯ ಷರತ್ತುಗಳನ್ನೇ ನೋಡಬೇಕಾಗುತ್ತದೆ.