ಬಿಸಾಡಿದ ಇ-ಸಿಗರೇಟು: ಲೆಕ್ಕ ಹಾಕುವ ಖರ್ಚು, ಹೊರುವ ಹೆಗಲು

ಬಳಸಿ ಬಿಸಾಡುವ ಇ-ಸಿಗರೇಟು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಅದರೊಳಗೆ ಒಂದು ಲಿಥಿಯಂ-ಅಯಾನ್ ಬ್ಯಾಟರಿ, ಕಾಯುವ ತಂತಿಸುರುಳಿ, ನಿಕೋಟಿನ್ ದ್ರವದಲ್ಲಿ ನೆನೆದ ಹತ್ತಿ ಮತ್ತು ಸೇದಿದ ಕೂಡಲೇ ವಿದ್ಯುತ್ ಹರಿಸುವ ಪುಟ್ಟ ಸಂವೇದಕ ಇರುತ್ತವೆ. ಬ್ರಿಟನ್ನಿನ ಕಾನೂನಿನಂತೆ ಇದರಲ್ಲಿ 2 ಮಿಲಿಲೀಟರಿಗಿಂತ ಹೆಚ್ಚು ದ್ರವ ಇರುವಂತಿಲ್ಲ. ಅದು ಸುಮಾರು 600 ದಮ್ಮಿಗೆ ಮುಗಿಯುತ್ತದೆ. ದ್ರವ ಮುಗಿದ ದಿನವೇ ಬ್ಯಾಟರಿಯೂ ಕಸದ ಪಾಲು. ಆದರೆ ಆ ಬ್ಯಾಟರಿಯ ಆಯುಸ್ಸು ಇನ್ನೂ ಮುಗಿದಿರುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಬ್ಯಾಟರಿಗಳನ್ನು ಬಿಚ್ಚಿ ಪರೀಕ್ಷಿಸಿ, ಅವನ್ನು 450ಕ್ಕೂ ಹೆಚ್ಚು ಸಲ ಚಾರ್ಜ್ ಮಾಡಬಹುದೆಂದು 2023ರಲ್ಲಿ ತೋರಿಸಿದರು.

ಇಂಥ ಕಸವನ್ನು ಏನು ಮಾಡಬೇಕೆಂದು ತೀರ್ಮಾನಿಸುವ ಮುನ್ನ ಸರ್ಕಾರಕ್ಕೆ ಮೂರು ಸಂಗತಿ ಗೊತ್ತಿರಬೇಕು: ಎಷ್ಟು ಕಸ ಬೀಳುತ್ತಿದೆ, ಅದನ್ನು ಬಿಡಿಸುವುದು ಹೇಗೆ, ಆ ಕೆಲಸಕ್ಕೆ ಹಣ ಕೊಡುವವರು ಯಾರು. ಈ ಮೂರಕ್ಕೂ ಉತ್ತರ ಹುಡುಕಲು ಖರ್ಚಿದೆ.

ಮೊದಲನೆಯದು ಎಣಿಕೆ. ಮಾರಾಟದ ಅಂಕಿ ನೋಡಿದರೆ ಸಾಲದು. ಬಳಸಿದವರು ಅದನ್ನು ಎಲ್ಲಿ ಎಸೆದರು ಎಂಬುದೂ ತಿಳಿಯಬೇಕು. ಅದಕ್ಕಾಗಿ ಜನರನ್ನು ಕೇಳಬೇಕು, ಕಸದ ಡಬ್ಬಿಗಳನ್ನು ಸುರಿದು ಕೈಯಿಂದ ಬೇರ್ಪಡಿಸಬೇಕು, ಬೀದಿಬದಿ ಬಿದ್ದದ್ದನ್ನು ಲೆಕ್ಕ ಹಾಕಬೇಕು. ಸ್ಕಾಟ್ಲೆಂಡ್ ಸರ್ಕಾರ 2023ರಲ್ಲಿ ಈ ಕೆಲಸವನ್ನು ಝೀರೋ ವೇಸ್ಟ್ ಸ್ಕಾಟ್ಲೆಂಡ್ ಎಂಬ ಸಂಸ್ಥೆಗೆ ವಹಿಸಿತು. ಅಲ್ಲಿ ಒಂದೇ ವರ್ಷದಲ್ಲಿ 2.6 ಕೋಟಿಯವರೆಗೆ ಇಂಥ ಇ-ಸಿಗರೇಟುಗಳು ಬಳಕೆಯಾಗಿ ಕಸ ಸೇರಿದ್ದವು, ಸುಮಾರು ಶೇ. 10ರಷ್ಟು ಬೀದಿಯಲ್ಲೇ ಬಿದ್ದಿದ್ದವು. ಅರ್ಧಕ್ಕಿಂತ ಹೆಚ್ಚು ಸೇರಬಾರದ ಕಡೆ ಸೇರಿದ್ದವು. ಇಡೀ ಬ್ರಿಟನ್ನಿನ ಲೆಕ್ಕವನ್ನು ಮೆಟೀರಿಯಲ್ ಫೋಕಸ್ ಎಂಬ ಲಾಭರಹಿತ ಸಂಸ್ಥೆ ಹಾಕಿತು. 2022ರಲ್ಲಿ ವಾರಕ್ಕೆ 13 ಲಕ್ಷ ಇದ್ದ ಕಸ 2023ರಲ್ಲಿ ಸುಮಾರು 50 ಲಕ್ಷಕ್ಕೆ ಏರಿತ್ತು.

ಎರಡನೆಯದು ಬಿಡಿಸುವ ವಿಧಾನ. ಕಾರ್ಖಾನೆಯಲ್ಲಿ ಇದನ್ನು ಮತ್ತೆ ತೆರೆಯಲೆಂದು ಜೋಡಿಸಿರುವುದಿಲ್ಲ. ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಕವಚವನ್ನು ಒಂದೊಂದಾಗಿ, ಬಹುಮಟ್ಟಿಗೆ ಕೈಯಿಂದಲೇ, ಬಿಚ್ಚಬೇಕು. ಹತ್ತಿಯಲ್ಲಿ ಉಳಿದ ನಿಕೋಟಿನ್ ವಿಷಕಾರಿ. ಬ್ಯಾಟರಿಯಲ್ಲಿ ಚಾರ್ಜ್ ಉಳಿದಿದ್ದರೆ ಬೆಂಕಿಯ ಭಯ. ಬ್ಯಾಟರಿಯನ್ನು ಬೇರ್ಪಡಿಸಿ, ಉಳಿದ ಚಾರ್ಜ್ ಖಾಲಿ ಮಾಡಿ, ಪುಡಿಗೈದು, ಆ ಕಪ್ಪು ಪುಡಿಯನ್ನು ಆಮ್ಲದಲ್ಲಿ ಕರಗಿಸಿದಾಗ ಲಿಥಿಯಂ, ಕೋಬಾಲ್ಟ್‌ನಂಥ ಲೋಹಗಳು ಸಿಗುತ್ತವೆ. ಯಾವ ಹಂತವನ್ನು ಯಂತ್ರಕ್ಕೆ ಒಪ್ಪಿಸಬಹುದು, ಕೆಲಸಗಾರರಿಗೆ ಯಾವ ರಕ್ಷಣೆ ಬೇಕು ಎಂಬುದು ಪ್ರಯೋಗಾಲಯದಲ್ಲಿ ತಿಳಿಯಬೇಕಾದ ವಿಷಯ. ಅಮೆರಿಕದಲ್ಲಿ ಇದಕ್ಕೆ ಕಾನೂನಿನ ತೊಡಕೂ ಸೇರಿದೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇ-ಸಿಗರೇಟಿನ ನಿಕೋಟಿನ್ ದ್ರವವನ್ನು ತೀವ್ರ ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸುತ್ತದೆ. ಮನೆಯ ಕಸಕ್ಕೆ ಅದರಿಂದ ವಿನಾಯಿತಿ ಉಂಟು. ಆದರೆ ವಿದ್ಯಾರ್ಥಿಗಳಿಂದ ವಶಪಡಿಸಿಕೊಂಡ ಇ-ಸಿಗರೇಟುಗಳನ್ನು ವಿಲೇವಾರಿ ಮಾಡಬೇಕಾದ ಶಾಲೆಗೆ ಅಪಾಯಕಾರಿ ತ್ಯಾಜ್ಯದ ನಿಯಮಗಳೇ ಎದುರಾಗುತ್ತವೆ.

ಮೂರನೆಯದು ಹಣ. ಒಂದು ಇ-ಸಿಗರೇಟಿನಲ್ಲಿರುವ ಲಿಥಿಯಂ ಸುಮಾರು 0.15 ಗ್ರಾಂ. ವಾರಕ್ಕೆ 50 ಲಕ್ಷದಂತೆ ವರ್ಷವಿಡೀ ಕೂಡಿದರೆ ಅದು ಸುಮಾರು 39 ಟನ್, ಅಂದರೆ 5,000 ವಿದ್ಯುತ್ ಕಾರುಗಳ ಬ್ಯಾಟರಿಗೆ ಬೇಕಾಗುವಷ್ಟು. ದೇಶದ ಲೆಕ್ಕದಲ್ಲಿ ಇದು ದೊಡ್ಡ ನಷ್ಟ. ಆದರೆ ಬಿಡಿಯಾಗಿ ನೋಡಿದರೆ ಒಂದರಲ್ಲಿರುವ ಲಿಥಿಯಂನ ಬೆಲೆ ಕೆಲವೇ ಪೆನ್ಸ್. ಬ್ರಿಟನ್ನಿನಲ್ಲಿ ಬಿಸಾಡಿದ್ದನ್ನೆಲ್ಲ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಲು ವರ್ಷಕ್ಕೆ 20 ಕೋಟಿ ಪೌಂಡ್ ಬೇಕೆಂದು ಮೆಟೀರಿಯಲ್ ಫೋಕಸ್ ಅಂದಾಜಿಸಿತು. ಹಂಚಿ ನೋಡಿದರೆ ಒಂದಕ್ಕೆ 75 ಪೆನ್ಸಿಗೂ ಹೆಚ್ಚು. ಗುಜರಿಯವರು ತಾವಾಗಿ ಇದನ್ನು ಆರಿಸದಿರುವುದಕ್ಕೆ ಕಾರಣ ಇಲ್ಲಿದೆ: ಸಿಗುವ ಲೋಹ ಕೂಲಿಗೂ ಸಾಲದು.

ಹಾಗೆಂದು ಸುಮ್ಮನಿದ್ದರೂ ಖರ್ಚು ತಪ್ಪುವುದಿಲ್ಲ. ಕಸದ ಲಾರಿ ಕಸವನ್ನು ಅದುಮುವಾಗ ಬ್ಯಾಟರಿ ನಜ್ಜುಗುಜ್ಜಾಗಿ ಹೊತ್ತಿಕೊಳ್ಳುತ್ತದೆ. ಬಗೆಬಗೆಯ ಬ್ಯಾಟರಿಗಳಿಂದ ಬ್ರಿಟನ್ನಿನ ಕಸದ ಲಾರಿ ಮತ್ತು ತ್ಯಾಜ್ಯ ಘಟಕಗಳಲ್ಲಿ ಒಂದು ವರ್ಷದಲ್ಲಿ 1,200ಕ್ಕೂ ಹೆಚ್ಚು ಬೆಂಕಿ ಅವಘಡಗಳಾಗಿವೆ ಎಂದು 2024ರ ಸಮೀಕ್ಷೆ ತಿಳಿಸಿತು. ಆ ನಷ್ಟ ಸ್ಥಳೀಯ ಆಡಳಿತಗಳಿಗೆ, ಅವುಗಳ ಮೂಲಕ ತೆರಿಗೆ ಕಟ್ಟುವ ಜನರಿಗೆ ತಟ್ಟುತ್ತದೆ. ಇದರ ಮುಂದೆ ಅಧ್ಯಯನದ ಖರ್ಚು ಚಿಕ್ಕದು, ಮತ್ತು ಅದು ಪೂರ್ತಿ ಬೊಕ್ಕಸದಿಂದಲೇ ಬರಬೇಕೆಂದಿಲ್ಲ. ಮೆಟೀರಿಯಲ್ ಫೋಕಸ್‌ಗೆ ಹಣ ಬರುವುದು ವಿದ್ಯುತ್ ಉಪಕರಣ ತಯಾರಕರು ಕಾನೂನಿನಂತೆ ಕಟ್ಟುವ ಶುಲ್ಕದಿಂದ. ಸರಕು ಮಾಡಿದವರೇ ಕಸದ ಹೊಣೆಯನ್ನೂ ಹೊರಬೇಕೆಂಬ ತತ್ವ ಇಲ್ಲಿ ಸಂಶೋಧನೆಗೂ ಅನ್ವಯವಾಗಿದೆ.

ಈ ತತ್ವ ನೆಲೆ ನಿಲ್ಲಬೇಕಾದರೆ ಲೆಕ್ಕದ ಪುಸ್ತಕವೂ ನೆಟ್ಟಗಿರಬೇಕು. ಬ್ರಿಟನ್ನಿನ ವಿದ್ಯುತ್ ತ್ಯಾಜ್ಯ ನಿಯಮಗಳಲ್ಲಿ ಇ-ಸಿಗರೇಟು ಬಹುಕಾಲ ಆಟಿಕೆ ಮತ್ತು ಕ್ರೀಡಾ ಸಾಮಗ್ರಿಗಳ ಗುಂಪಿನಲ್ಲಿತ್ತು. ಹೀಗಾಗಿ ಅದರ ವಿಲೇವಾರಿ ವೆಚ್ಚದಲ್ಲಿ ಆಟಿಕೆ ತಯಾರಕರೂ ಪಾಲು ಕೊಡಬೇಕಾಗಿತ್ತು. 2025ರ ಆಗಸ್ಟ್‌ನಲ್ಲಿ ಇದಕ್ಕೆ ಪ್ರತ್ಯೇಕ ವರ್ಗ ಬಂತು. ಅದಕ್ಕೂ ಮೊದಲು, 2023ರ ಕೊನೆಯಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಸುಮಾರು 28,000 ಪ್ರತಿಕ್ರಿಯೆಗಳು ಬಂದು, ಬಳಸಿ ಬಿಸಾಡುವ ಇ-ಸಿಗರೇಟಿನ ಮಾರಾಟ 2025ರ ಜೂನ್ 1ರಿಂದ ನಿಂತಿತ್ತು. ಬೆಲ್ಜಿಯಂ ಅದೇ ವರ್ಷದ ಜನವರಿಯಲ್ಲಿ, ಫ್ರಾನ್ಸ್ ಫೆಬ್ರವರಿಯಲ್ಲಿ ನಿಷೇಧ ತಂದವು. ಚಾರ್ಜ್ ಮಾಡಿ ದ್ರವ ತುಂಬಿಸಬಹುದಾದ ಬಗೆಗಳು ಮಾರುಕಟ್ಟೆಯಲ್ಲಿ ಉಳಿದಿರುವುದರಿಂದ ಸಂಗ್ರಹಿಸುವ, ಬಿಡಿಸುವ ಕೆಲಸ ಮುಗಿದಿಲ್ಲ.

ಭಾರತದ ದಾರಿ ಬೇರೆ. ಕರ್ನಾಟಕ 2016ರಲ್ಲೇ ಇ-ಸಿಗರೇಟು ಮಾರಾಟವನ್ನು ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾನೂನು ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತುಗಳನ್ನು ದೇಶದಾದ್ಯಂತ ತಡೆಯಿತು. ಆದರೂ ಕಳ್ಳದಾರಿಯಲ್ಲಿ ಬಂದು ವಶವಾದ ಸರಕಿನೊಳಗೆ ಅದೇ ಬ್ಯಾಟರಿ, ಅದೇ ನಿಕೋಟಿನ್ ಇರುತ್ತವೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸುತ್ತವೆ. ಕಳ್ಳಸಾಗಣೆಯ ಸರಕಿಗೆ ಅಂಥ ಉತ್ಪಾದಕರು ಕೈಗೆ ಸಿಗುವುದಿಲ್ಲ. ಅದನ್ನು ಸುರಕ್ಷಿತವಾಗಿ ಬಿಡಿಸುವ ವೆಚ್ಚ ಸರ್ಕಾರದ ಮೇಲೆಯೇ ಬೀಳುತ್ತದೆ.